ಮೂರನೇ ದೀಪ ಮತ್ತು ಮಾದಯ್ಯನ ಒದ್ದೆ ಬಟ್ಟೆ

ಐಟಿಐನಲ್ಲಿ ಪಾಠ ಮಾಡುವ ನನ್ನ ಅಕ್ಕನ ಮಗಳು ಸುಮ ಒಂದು ಬೆಳಗ್ಗೆ ನೋಟ್‌ಬುಕ್ಕು ಪೆನ್ನು ತಂದು ನನ್ನ ಮುಂದಿಟ್ಟಳು. "ಮಾವ, ನಮ್ಮ ಹುಡುಗರು ಈ ವರ್ಷ ಕೆಲಸಕ್ಕೆ ಸೇರ್ತಾರೆ. ನಿಮ್ಮ ಅನುಭವ ಬರೆದುಕೊಡಿ, ಕ್ಲಾಸಲ್ಲಿ ಓದ್ತೀನಿ. ಸ್ವಲ್ಪ ಸ್ಫೂರ್ತಿ ಬರೋ ಹಾಗಿರಲಿ" ಎಂದಳು. ಸ್ಫೂರ್ತಿ ಬೇಕಾದವರು ಬೇರೆ ಯಾರ ಮನೆಗಾದರೂ ಹೋಗಲಿ. ನಾನು ಅರ್ಧ ಆಯಸ್ಸು ವೈರು ಸುಲಿದೆ, ಇನ್ನರ್ಧ ಕಂಪ್ಯೂಟರಿಗೆ ಕಾವಲು ಕೂತೆ. ಯಾವ ವರ್ಷ ಯಾವ ಗ್ರೇಡು ಬಂತು ಎನ್ನುವುದು ಸರ್ವಿಸ್ ರಿಜಿಸ್ಟರಿನಲ್ಲಿದೆ, ಗೆದ್ದಲು ಏನಾದರೂ ಉಳಿಸಿದ್ದರೆ ನೋಡಿಕೊಳ್ಳಿ. ನಾನು ಬರೆಯುವುದು ದೀಪಗಳ ವಿಷಯ. ಮನೆಯಲ್ಲಿ ಹಚ್ಚುವ ದೀಪವಲ್ಲ, ಯಂತ್ರದ ಮುಖದ ಮೇಲೆ ಕೂತು ಅದರ ಕಷ್ಟಸುಖ ಹೇಳುವ ದೀಪ. ಅದರ ಜೊತೆ ನಾನು ಆಡಬಾರದ ಆಟ ಆಡಿದೆ.

ನಮ್ಮ ಕಾರ್ಖಾನೆ ನಂಜನಗೂಡಿನ ಹೊರಗಿತ್ತು. ಪಿಂಗಾಣಿಯ ಫ್ಯೂಸು, ಸ್ವಿಚ್ಚಿನ ಬುಡ ಇಂಥವು ಅಲ್ಲಿ ತಯಾರಾಗುತ್ತಿದ್ದವು. ಈಗ ಅಲ್ಲಿ ಗೋಡೆಯೂ ಉಳಿದಿಲ್ಲ, ಹೆಸರು ಹೇಳಿ ಪ್ರಯೋಜನವಿಲ್ಲ. ನಾನು ತಿ. ನರಸೀಪುರದವನು. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ವೈರ್‌ಮನ್ ಆಗಿ ಸೇರಿದಾಗ ನನ್ನನ್ನು ಹಾಕಿದ್ದು ಸುಡುವ ಭಟ್ಟಿಯ ಪ್ಯಾನಲ್ ಬೋರ್ಡಿಗೆ. ಅದರಲ್ಲಿ ನಾಲ್ಕು ದೀಪ. ಕೆಂಪು ಹತ್ತಿದರೆ ಭಟ್ಟಿ ಮಿತಿಮೀರಿ ಕಾದಿದೆ ಎಂದರ್ಥ, ಎದ್ದುಬಿದ್ದು ಓಡಬೇಕು.

ಭಟ್ಟಿಯ ಫೋರ್‌ಮನ್ ಚೆನ್ನಪ್ಪ ಓಡುವ ಜಾತಿಯಲ್ಲ. ಒಂದು ದಿನ ಭಟ್ಟಿ ಬಾಗಿಲು ತೆಗೆದರೆ ಒಳಗಿದ್ದ ಮಾಲೆಲ್ಲ ಸೊಟ್ಟಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಕೆಂಪು ದೀಪ ಹತ್ತಲೇ ಇಲ್ಲ ಎಂದು ನಾವೆಲ್ಲ ಆಣೆ ಮಾಡಿದೆವು. ನಿಜವಾಗಿಯೂ ಹತ್ತಿರಲಿಲ್ಲ. ಆಮೇಲೆ ನೋಡಿದರೆ ಹೋಲ್ಡರಿನಲ್ಲಿ ಬಲ್ಬೇ ಇಲ್ಲ.

"ಕಣ್ಣಿಗೆ ಚುಚ್ತಿತ್ತು ಕಣ್ಲಾ, ಬಿಚ್ಚಿಟ್ಟಿದ್ದೆ" ಎಂದು ಚೆನ್ನಪ್ಪ ಜೇಬಿನಿಂದ ಬಲ್ಬು ತೆಗೆದು ತೋರಿಸಿದ, ಎಲೆಅಡಿಕೆ ಚೀಲದ ಜೊತೆ ಜೋಪಾನವಾಗಿತ್ತು.

ಹುಡುಗರೇ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಆರಿದ ದೀಪಕ್ಕೆ ಎರಡು ಅರ್ಥ. ಎಲ್ಲ ಸರಿಯಾಗಿದೆ ಎನ್ನುವುದು ಒಂದು, ಹೇಳಬೇಕಾದವನ ಬಾಯಿ ಯಾರೋ ಕಟ್ಟಿದ್ದಾರೆ ಎನ್ನುವುದು ಇನ್ನೊಂದು. ಇದನ್ನು ನಾನು ಇಪ್ಪತ್ತೈದನೇ ವಯಸ್ಸಿಗೇ ಕಲಿತೆ. ಕಲಿತು ಏನು ಮಾಡಿದೆ ಎನ್ನುವುದು ಮುಂದೆ ಬರುತ್ತದೆ.

ಕಂಪ್ಯೂಟರ್ ಬಂದದ್ದು ಎಂಬತ್ತರ ದಶಕದ ಕೊನೆಗೆ. ಅರ್ಧ ಬೀರುವಿನಷ್ಟು ಎತ್ತರದ ಬೂದುಬಣ್ಣದ ಪೆಟ್ಟಿಗೆ. ಅದರ ಮುಖದಲ್ಲಿ ಸಾಲಾಗಿ ಎಂಟು ಕೆಂಪು ದೀಪ. ಅದನ್ನು ನೋಡಿದ ಜನರಲ್ ಮ್ಯಾನೇಜರ್, "ದೀಪ ಇದೆಯಲ್ಲ, ಆ ಪ್ಯಾನಲ್ ಬೋರ್ಡಿನ ಪುಟ್ಟಸ್ವಾಮೀನ ಹಾಕಿ" ಎಂದರು. ಪುಟ್ಟಸ್ವಾಮಿ ಎಂದರೆ ನಾನು. ನಾನು ಕಂಪ್ಯೂಟರ್ ಕ್ಷೇತ್ರಕ್ಕೆ ಬಂದ ಕತೆ ಇಷ್ಟೇ. ಆರು ವಾರ ಬೆಂಗಳೂರಿಗೆ ಕಳಿಸಿ ತರಬೇತಿ ಕೊಡಿಸಿದರು, ಅದರಲ್ಲಿ ಎರಡು ವಾರ ಹೊಟ್ಟೆ ಕೆಟ್ಟು ಮಲಗಿದ್ದೆ.

ನನ್ನ ಮೇಲಿನವರು ಶ್ರೀನಿವಾಸಾಚಾರ್, ಎಲ್ಲರ ಬಾಯಲ್ಲೂ ಆಚಾರ್ರು. ಸೋಸಲೆಯವರು, ಮಠದ ಪಕ್ಕದ ಮನೆ. ಸ್ಟೋರ್ಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಲೆಡ್ಜರು ಬರೆದವರನ್ನು ಕಂಪ್ಯೂಟರ್ ರೂಮಿನ ಮುಖ್ಯಸ್ಥರನ್ನಾಗಿ ಮಾಡಿದ್ದರು. ಕಂಪ್ಯೂಟರಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಹಾಗೆಂದು ನೇರವಾಗಿ ಹೇಳುತ್ತಿದ್ದರು. ಅಂಥ ಮೇಲಧಿಕಾರಿ ಸಿಕ್ಕರೆ ನೀವು ಪುಣ್ಯವಂತರು. ನರಸೀಪುರದಿಂದ ನಾವಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗುತ್ತಿದ್ದೆವು. ಕಿಟಕಿ ಪಕ್ಕ ಅವರದು.

ಮೂರನೆಯವನು ಅಟೆಂಡರ್ ಮಾದಯ್ಯ. ದೇವನೂರಿನವನು. ಹನ್ನೊಂದು ವರ್ಷ ದಿನಗೂಲಿ ಮಾಡಿ, ಖಾಯಂ ಆಗಿ ಆಗಷ್ಟೇ ಎಂಟು ತಿಂಗಳಾಗಿತ್ತು. ರೂಮಿನಲ್ಲಿ ಧೂಳಿರಬಾರದು ಎಂದು ಕಂಪ್ಯೂಟರ್ ಕಂಪನಿಯವರು ಹೇಳಿದ್ದರಿಂದ ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸುವುದು ಅವನ ಕೆಲಸ. ಒದ್ದೆ ಬಟ್ಟೆ ಎಂದರೆ ಹೆಸರಿಗೆ ಒದ್ದೆ. ಅವನು ಅದನ್ನು ಹಿಂಡುವ ರೀತಿಗೆ ಬಟ್ಟೆಯೇ ಅಯ್ಯೋ ಅನ್ನಬೇಕು. ಹಿಂಡಿದ ಮೇಲೆ ನಮ್ಮ ಮುಂದೆ ಹಿಡಿದು, "ನೋಡಿ ಸಾ, ಒಂದ್ ತೊಟ್ಟು ಬಿದ್ರೆ ಕೇಳಿ" ಎಂದು ಇನ್ನೊಂದು ಸಲ ತಿರುಚುತ್ತಿದ್ದ. ದಿನಾ ಇದೇ. ನಾವು ತಲೆ ಎತ್ತದೆ "ಸರಿ ಮಾದಯ್ಯ" ಎನ್ನುತ್ತಿದ್ದೆವು.

ಕಂಪನಿಯ ಎಂಜಿನಿಯರ್ ಬೆಂಗಳೂರಿನಿಂದ ಬಂದು ದೀಪಗಳ ಪಾಠ ಹೇಳಿಕೊಟ್ಟರು. ಪವರ್ ಕೊಟ್ಟ ಕೂಡಲೇ ಯಂತ್ರ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಎಲ್ಲಿ ಕೆಟ್ಟಿದೆಯೋ ಅದರ ಗುರುತನ್ನು ದೀಪದಲ್ಲಿ ತೋರಿಸಿ ನಿಲ್ಲುತ್ತದೆ. ಏನೂ ಕೆಟ್ಟಿಲ್ಲವಾದರೆ ಎಂಟೂ ಆರುತ್ತವೆ. ಆಮೇಲೆ ಕೆಲಸ ಮಾಡುವಾಗ ಒಂದೇ ಒಂದು ದೀಪಕ್ಕೆ ಕೆಲಸ, ಎಡಗಡೆಯಿಂದ ಮೂರನೆಯದು. ಒಳಗೆ ಬಿಸಿ ಹೆಚ್ಚಾದರೆ ಅದು ಹತ್ತಿಕೊಂಡು ಹಾಗೇ ಉರಿಯುತ್ತದೆ. "ಅದು ಹತ್ತಿ ಒಂದು ಗಂಟೆವರೆಗೂ ಟೈಮ್ ಇರುತ್ತೆ. ಅಷ್ಟರಲ್ಲಿ ಆಫ್ ಮಾಡಿದ್ರೆ ಮಿಷನ್ ಉಳೀತು, ಇಲ್ಲಾಂದ್ರೆ ಮೇನ್ ಬೋರ್ಡ್ ಹೋಯ್ತು" ಎಂದರು. ನಾನು ಬರೆದುಕೊಂಡೆ. ಆಚಾರ್ರು ಕೇಳಿಸಿಕೊಂಡರು. ಮಾದಯ್ಯ ಬಾಗಿಲಲ್ಲಿ ನಿಂತಿದ್ದ.

ಆಚಾರ್ರಿಗೆ ಯಂತ್ರದ ಮೇಲೆ ಬಹಳ ಭಕ್ತಿ. ಆಯುಧಪೂಜೆ ವರ್ಷಕ್ಕೊಮ್ಮೆ ಸಾಕು ಎನ್ನುವುದು ಭಟ್ಟಿಯವರ ಲೆಕ್ಕ. ಇವರದು ಪ್ರತಿ ಶುಕ್ರವಾರ. ಮುಖದ ಮೇಲೆ ಗಂಧ, ಅದರ ಮೇಲೆ ಕುಂಕುಮ, ವಾರದಿಂದ ವಾರಕ್ಕೆ ದಪ್ಪವಾಗುತ್ತಿತ್ತು. ಒಂದು ದಿನ ಯಂತ್ರ ಏಳಲೇ ಇಲ್ಲ. ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಎರಡು ಗಂಟೆ ಕಾದು, ಲೈನು ಸಿಕ್ಕಿದಾಗ ಎಂಜಿನಿಯರ್ ಕೇಳಿದರು, "ಯಾವ ಯಾವ ದೀಪ ಹತ್ತಿದೆ?"

"ಎರಡು, ಏಳು" ಎಂದು ಕಿರುಚಿದೆ. ಟ್ರಂಕ್ ಕಾಲಿನಲ್ಲಿ ಕಿರುಚದೆ ಮಾತಾಡಿದವರನ್ನು ನಾನು ಕಂಡಿಲ್ಲ.

ಎರಡು, ಏಳು ಎಂದರೆ ಟೇಪಿನ ಬೋರ್ಡು ಕೆಟ್ಟಿದೆ ಎಂದರ್ಥ. ಅವರು ಹೊಸ ಬೋರ್ಡು ಹೊತ್ತುಕೊಂಡು ಮಾರನೇ ದಿನ ಬಂದರು. ಬಂದವರೇ ಯಂತ್ರದ ಮುಖ ನೋಡಿ, ಉಗುರಿನಿಂದ ಕುಂಕುಮ ಕೆರೆದರು. ಅದರ ಹಿಂದೆ ಐದನೇ ದೀಪ ಉರಿಯುತ್ತಿತ್ತು. ಎರಡು, ಐದು, ಏಳು ಎಂದರೆ ಡಿಸ್ಕಿನ ಕೇಬಲ್ ಸಡಿಲವಾಗಿದೆ ಅಷ್ಟೇ. ಅವರು ಅದನ್ನು ಹೆಬ್ಬೆರಳಿನಿಂದ ಒತ್ತಿದರು, ಯಂತ್ರ ಎದ್ದಿತು.

"ದೀಪಕ್ಕೆ ಬೊಟ್ಟು ಇಟ್ಟಿದ್ದೀರಲ್ರೀ" ಎಂದರು.

"ಮುಖದ ನಡುಮಧ್ಯ ಅದೇ ಇರೋದು ಸ್ವಾಮಿ, ಇನ್ನೆಲ್ಲಿ ಇಡಲಿ" ಎಂದರು ಆಚಾರ್ರು.

ಜನರಲ್ ಮ್ಯಾನೇಜರ್ ಆಜ್ಞೆ ಹೊರಡಿಸಿದರು, ಯಂತ್ರದ ಮುಖಕ್ಕೆ ಏನೂ ಹಚ್ಚಕೂಡದು. ಆಚಾರ್ರು ಆಜ್ಞೆ ಮೀರುವವರಲ್ಲ. ಕುಂಕುಮ ನಿಲ್ಲಿಸಿ, ಯಂತ್ರದ ನೆತ್ತಿಯ ಮೇಲೆ ಚೆಂಡುಹೂವಿನ ಹಾರ ಹಾಕತೊಡಗಿದರು. ಹಾರದ ಬಾಲ ಹಿಂದಕ್ಕೆ ಇಳಿಬಿದ್ದಿರುತ್ತಿತ್ತು. ಶುಕ್ರವಾರ ಪೂಜೆಯಾದ ಮೇಲೆ ಆ ಹೂವನ್ನು ಮಾದಯ್ಯ ಮುಟ್ಟುವಂತಿರಲಿಲ್ಲ. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಮಾದಯ್ಯನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆಚಾರ್ರೇ ಯಾವಾಗಲೋ ಬಿಡುವಾದಾಗ ತೆಗೆಯುತ್ತಿದ್ದರು. ಮಾದಯ್ಯ ಹೂವಿನ ಸುತ್ತ ಒರೆಸುತ್ತಿದ್ದ.

ಇನ್ನು ನನ್ನ ಪ್ರತಾಪ ಕೇಳಿ. ಮುಂಬೈಯಿಂದ ಛೇರ್ಮನ್ ಬರುವವರಿದ್ದರು. ಜನರಲ್ ಮ್ಯಾನೇಜರ್ ರೂಮಿಗೆ ಬಂದು ಯಂತ್ರವನ್ನು ನೋಡಿ ಮುಖ ಸಣ್ಣಗೆ ಮಾಡಿದರು. "ಪುಟ್ಟಸ್ವಾಮಿ, ಇಷ್ಟು ದೊಡ್ಡ ಯಂತ್ರ ಸುಮ್ನೆ ಮಣ್ಣಿನ ಮುದ್ದೆ ಥರ ಕೂತಿರುತ್ತಲ್ಲಯ್ಯ. ಒಂದು ದೀಪಾನೂ ಹತ್ತಲ್ಲ. ಏನೋ ಕೆಲಸ ನಡೀತಿದೆ ಅಂತ ಕಾಣಬೇಡವೇ?"

ನಾನು ಕಂಪನಿಯವರು ಕೊಟ್ಟಿದ್ದ ಇಟ್ಟಿಗೆಯಂಥ ಪುಸ್ತಕ ತಿರುವಿ ಹಾಕಿದೆ. ಯೂನಿಕ್ಸ್ ಎನ್ನುವ ಆ ವ್ಯವಸ್ಥೆಯಲ್ಲಿ ಎಲ್ಲವೂ ಫೈಲು. ಪ್ರಿಂಟರ್ ಒಂದು ಫೈಲು, ಟೇಪು ಒಂದು ಫೈಲು. ಡೆವ್ ಎನ್ನುವ ಡೈರೆಕ್ಟರಿಯಲ್ಲಿ ಇವೆಲ್ಲ ಹೆಸರು ಬರೆಸಿಕೊಂಡು ಕೂತಿರುತ್ತವೆ. ತೆಗೆದು ಓದಿದರೆ ಒಳಗೇನೂ ಇರುವುದಿಲ್ಲ, ಅದು ಬಾಗಿಲು ಮಾತ್ರ. ಬಾಗಿಲಿಗೆ ಏನಾದರೂ ಹಾಕಿದರೆ ಆಚೆ ಕಡೆ ಇರುವ ಯಂತ್ರದ ಭಾಗಕ್ಕೆ ತಲುಪುತ್ತದೆ. ಅಲ್ಲೇ ಮೂಲೆಯಲ್ಲಿ ಎಲ್ಇಡಿ ಎನ್ನುವ ಫೈಲು ಕಂಡಿತು. ಅದಕ್ಕೆ ಒಂದು ಸಂಖ್ಯೆ ಬರೆದರೆ ಆ ಸಂಖ್ಯೆಗೆ ತಕ್ಕ ದೀಪ ಹತ್ತುತ್ತವೆ. ಅಂಗಡಿಯ ತೂಕದ ಕಲ್ಲಿನ ಹಾಗೆ ಒಂದೊಂದು ದೀಪಕ್ಕೆ ಒಂದೊಂದು ಬೆಲೆ. ಬಲಗಡೆಯಿಂದ ಒಂದು, ಎರಡು, ನಾಲ್ಕು, ಎಂಟು, ಹೀಗೆ ದುಪ್ಪಟ್ಟಾಗುತ್ತ ಎಡತುದಿಯದಕ್ಕೆ ನೂರಿಪ್ಪತ್ತೆಂಟು. ಮೂರು ಎಂದು ಬರೆದರೆ ಬಲತುದಿಯ ಎರಡು ಹತ್ತುತ್ತವೆ. ಇನ್ನೂರೈವತ್ತೈದು ಬರೆದರೆ ಎಂಟೂ ಹತ್ತುತ್ತವೆ. ಸೊನ್ನೆ ಬರೆದರೆ ಎಲ್ಲ ಆರುತ್ತವೆ.

ಮೊದಲನೇ ಸಲ ಇನ್ನೂರೈವತ್ತೈದು ಕಳಿಸಿ ಎಂಟೂ ದೀಪ ಒಟ್ಟಿಗೆ ಹತ್ತಿದಾಗ ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಸುಮ, ಈ ವಾಕ್ಯ ನಿಮ್ಮತ್ತೆಗೆ ತೋರಿಸಬೇಡ.

ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಒಂದು, ಎರಡು, ನಾಲ್ಕು ಎಂದು ನೂರಿಪ್ಪತ್ತೆಂಟರ ತನಕ ಹೋಗಿ ಮತ್ತೆ ವಾಪಸ್. ದೀಪ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಓಡಾಡತೊಡಗಿತು. ಛೇರ್ಮನ್ ಬಂದು ಅದನ್ನು ಐದು ನಿಮಿಷ ನೋಡಿ, ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿದೆ ಎಂದು ತಲೆದೂಗಿದರು. ಆ ಹೊತ್ತಿನಲ್ಲಿ ಯಂತ್ರ ಯಾವ ಲೆಕ್ಕವನ್ನೂ ಮಾಡುತ್ತಿರಲಿಲ್ಲ. ಜನರಲ್ ಮ್ಯಾನೇಜರ್ ನನ್ನ ಬೆನ್ನು ತಟ್ಟಿ, ಇದು ಖಾಯಮ್ಮಾಗಿ ಇರಲಿ ಎಂದರು. ಯಂತ್ರ ಎದ್ದ ಕೂಡಲೇ ತಾನಾಗಿ ಶುರುವಾಗುವಂತೆ ಮಾಡಿಬಿಟ್ಟೆ. ಕ್ಯಾಂಟೀನಿನವರೆಲ್ಲ ಬಂದು ನೋಡಿಹೋದರು. ಯಂತ್ರ ಯೋಚನೆ ಮಾಡುವಾಗ ಹಾಗೆ ಓಡುತ್ತದೆ ಎಂದು ನಾನು ಎಲ್ಲರಿಗೂ ರೈಲು ಬಿಟ್ಟೆ. ಆಚಾರ್ರು ದಿನಾ ಬೆಳಗ್ಗೆ ಆ ಓಡುವ ದೀಪಕ್ಕೆ ಕೈಮುಗಿದು ಕುರ್ಚಿಯಲ್ಲಿ ಕೂರುತ್ತಿದ್ದರು.

ಅನುಮಾನಪಟ್ಟವನು ಮಾದಯ್ಯ ಒಬ್ಬನೇ. "ಸಾ, ಮುಂಚೆ ಇದು ತೆಪ್ಪಗಿರ್ತಿತ್ತು. ಈಗ್ಯಾಕೆ ಇಂಗಾಡ್ತದೆ?" ಎಂದು ಕೇಳಿದ.

"ನಿನಗೆ ಗೊತ್ತಾಗಲ್ಲ ಬಿಡು" ಎಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಶನಿವಾರ ಹನ್ನೊಂದು ಗಂಟೆಗೆ ಯಂತ್ರ ಸತ್ತಿತು. ಓಡುತ್ತಿದ್ದ ದೀಪ ನಡುದಾರಿಯಲ್ಲೇ ನಿಂತುಹೋಯಿತು, ಸುಟ್ಟ ವಾಸನೆ ಬಂತು. ನಾನು ಮೇನ್ ಸ್ವಿಚ್ ಆಫ್ ಮಾಡಿ ಜನರಲ್ ಮ್ಯಾನೇಜರರನ್ನು ಕರೆಯಲು ಓಡಿದೆ. ವಾಪಸ್ ಬರುವಷ್ಟರಲ್ಲಿ ಯಂತ್ರದ ನೆತ್ತಿ ಖಾಲಿಯಾಗಿತ್ತು, ಹಿಂದಿನ ದಿನದ ಹಾರ ಇರಲಿಲ್ಲ. ಆಚಾರ್ರು ಹಣೆ ಒರೆಸಿಕೊಳ್ಳುತ್ತ ನಿಂತಿದ್ದರು. ನಾನು ಅದನ್ನು ನೋಡಿದೆ, ಗಮನಿಸಲಿಲ್ಲ.

ಸೋಮವಾರ ಎಂಜಿನಿಯರ್ ಬಂದು ಬಿಚ್ಚಿದರು. ಮೇನ್ ಬೋರ್ಡು ಕರಕಲಾಗಿತ್ತು. "ಬಿಸಿಗೂ ಹೀಗಾಗುತ್ತೆ, ನೀರು ಬಿದ್ದು ಶಾರ್ಟ್ ಆದ್ರೂ ಹೀಗಾಗುತ್ತೆ. ಬಿಸಿ ಆಗಿದ್ರೆ ಮೂರನೇ ದೀಪ ಹತ್ತಿ ನಿಂತಿರಬೇಕಿತ್ತು. ನಿಂತಿತ್ತಾ?" ಎಂದು ನನ್ನನ್ನು ಕೇಳಿದರು.

ಆ ಕ್ಷಣದಲ್ಲೇ ನನಗೆ ಎಲ್ಲ ಹೊಳೆಯಿತು. ಯಂತ್ರ ಮೂರನೇ ದೀಪ ಹಚ್ಚಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಪ್ರೋಗ್ರಾಮ್ ಅದರ ಮೇಲೆ ತನ್ನ ಸಂಖ್ಯೆ ಬರೆದು ಆರಿಸಿರುತ್ತದೆ. ನಾಲ್ಕು ತಿಂಗಳಿಂದ ಆ ಯಂತ್ರಕ್ಕೆ ಬಾಯೇ ಇರಲಿಲ್ಲ. ಚೆನ್ನಪ್ಪ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ, ನಾನು ಅದನ್ನೇ ಓದಿದವರ ರೀತಿಯಲ್ಲಿ ಮಾಡಿದ್ದೆ.

"ಇಲ್ಲ" ಎಂದೆ. ಅದನ್ನೇ ಬರೆದು ಸಹಿ ಮಾಡಿಯೂ ಕೊಟ್ಟೆ. ಮೂರನೇ ದೀಪ ಹತ್ತಿ ನಿಂತಿರಲಿಲ್ಲ. ಅಕ್ಷರಶಃ ನಿಜ. ಅಷ್ಟು ಹೊಲಸಾದ ನಿಜವನ್ನು ನಾನು ಬೇರೆ ಯಾವತ್ತೂ ಬರೆದಿಲ್ಲ.

ಬಿಸಿ ಅಲ್ಲವೆಂದರೆ ನೀರು. ನೀರು ಎಂದರೆ ಒದ್ದೆ ಬಟ್ಟೆ. ಒದ್ದೆ ಬಟ್ಟೆ ಎಂದರೆ ಮಾದಯ್ಯ. ಜನರಲ್ ಮ್ಯಾನೇಜರ್ ಅವನನ್ನು ನಿಂತ ಕಾಲಲ್ಲೇ ಸಸ್ಪೆಂಡ್ ಮಾಡಿದರು. ಮುಂದಿನ ಶನಿವಾರ ವಿಚಾರಣೆ, ತಪ್ಪು ರುಜುವಾತಾದರೆ ಡಿಸ್ಮಿಸ್. ಮಾದಯ್ಯ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿ, "ಸಾ, ನಾ ಎಂಗೆ ಇಂಡ್ತೀನಿ ಅಂತ ವಸಿ ನೋಡಿ ಸಾ" ಎಂದ. ಅವರು ಕೈ ಬೀಸಿ ಹೊರಗೆ ಹೋದರು. ಅವನು ನನ್ನ ಕಡೆ ತಿರುಗಿದ. ನಾನು ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದೆ.

ಆ ವಾರ ಬಸ್ಸಿನಲ್ಲಿ ಆಚಾರ್ರೂ ನಾನೂ ಮಾತಾಡಲಿಲ್ಲ. ಅವರು ಕಿಟಕಿಯ ಆಚೆ ನೋಡುತ್ತಿದ್ದರು, ನಾನು ಮುಂದಿನ ಸೀಟಿನ ಕಂಬಿ ನೋಡುತ್ತಿದ್ದೆ. ಅವರ ಮಡಿಲಲ್ಲಿ ಬಟ್ಟೆಯ ಚೀಲ, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು. ನನ್ನ ಯೋಚನೆ ಒಂದೇ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವನದು. ಇದಕ್ಕೆ ಉತ್ತರ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಸೋಮವಾರ, ಮಂಗಳವಾರ, ಬುಧವಾರ ಕಳೆದೆ. ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ಹೋಗುವುದು ಬೇಡವಾಗಿತ್ತು.

ಗುರುವಾರ ಸಂಜೆ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮಾದಯ್ಯ ಸಿಕ್ಕಿದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಊಟದ ಡಬ್ಬಿ.

"ಎಲ್ಲಿಗೆ ಮಾದಯ್ಯ?"

"ಡ್ಯೂಟಿ ಮುಗಿಸ್ಕಂಡು ಮನೇಗೆ ಸಾ" ಎಂದು ನಕ್ಕ. ಆಮೇಲೆ ನಗು ನಿಂತಿತು. "ಮನೇಲಿ ಏಳಿಲ್ಲ ಸಾ. ದಿನಾ ಡ್ಯೂಟಿಗೆ ಅಂತ್ಲೇ ಒಂಟು ಬತ್ತೀನಿ. ಒಳೆ ಮೆಟ್ಲು ಮ್ಯಾಲೆ ಕೂತಿದ್ದು ಐದು ಗಂಟೆ ಬಸ್ಸಿಗೆ ಓಯ್ತೀನಿ. ಅನ್ನೊಂದು ವರ್ಷ ಖಾಯಂ ಆಯ್ತದೆ ಆಯ್ತದೆ ಅಂತ ಅವಳಿಗೆ ಏಳಿದ್ದೆ. ಈಗ ಓಯ್ತು ಅಂತ ಯಾವ ಬಾಯಲ್ಲಿ ಏಳ್ಲಿ?"

ಅವನು ಬಸ್ಸು ಹತ್ತುವ ಮೊದಲು ಇನ್ನೊಂದು ಹೇಳಿದ. "ಒಂದ್ ಮಾತು ಕೇಳ್ತೀನಿ ಸಾ. ಆಚಾರ್ರು ವಾರವಾರ ಊವ ಏರಿಸ್ತಾರಲ್ಲ, ಅದು ಒಣಗಿ ಇಂದಕ್ಕೆ ಉದುರ್ತದೆ. ಫ್ಯಾನಿರೋದು ಇಂದ್ಗಡೇನೆ. ಆವತ್ತು ಆರ ಎಲ್ಲೋಯ್ತು? ರೂಮಿನ ಕಸ ಎತ್ತೋನು ನಾನು. ನನ್ನ ಬುಟ್ಟೀಗೆ ಒಂದ್ ಎಸಳೂ ಬೀಳ್ನಿಲ್ಲ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡವನಿಗೆ ಯಂತ್ರ ನಮ್ಮಿಬ್ಬರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ನರಸೀಪುರದ ಬಸ್ಸಿನಲ್ಲಿ ಆಚಾರ್ರು ಆಗಲೇ ಕೂತಿದ್ದರು. ಪಕ್ಕ ಕೂತು ಕೇಳಿಯೇಬಿಟ್ಟೆ. "ಆಚಾರ್ರೇ, ಶನಿವಾರ ಹಾರ ತೆಗೆದಿರಲ್ಲ, ಎಲ್ಲಿ ಹಾಕಿದಿರಿ?"

ಎರಡು ಸ್ಟಾಪು ದಾಟಿತು. "ನಿರ್ಮಾಲ್ಯಾನ ಯಾರಾದರೂ ಕಸದ ಬುಟ್ಟಿಗೆ ಹಾಕ್ತಾರೇನಯ್ಯ? ದೇವರಿಗೇರಿಸಿದ ಹೂವು, ಹೊಳೆಗೇ ಬಿಡಬೇಕು."

"ಬಿಟ್ಟಿರಾ?"

ಅವರು ಮಡಿಲ ಚೀಲ ಬಿಚ್ಚಿದರು. ಒಳಗೆ ಹಳೆಯ ಪೇಪರಿನಲ್ಲಿ ಕಟ್ಟಿದ ಪೊಟ್ಟಣ. ಬಿಡಿಸಿ ತೋರಿಸಿದರು. ಒಣಗಿ ಕಪ್ಪಾದ ಚೆಂಡುಹೂವಿನ ಎಸಳು, ಫ್ಯಾನಿನ ಜಿಡ್ಡು, ಧೂಳು ಎಲ್ಲ ಸೇರಿ ಮುದ್ದೆಯಾಗಿತ್ತು. ಫ್ಯಾನಿನ ಜಾಲರಿಯ ಅಚ್ಚು ಅದರ ಮೇಲೆ ಹಾಗೇ ಮೂಡಿತ್ತು.

"ದಿನಾ ಸಂಗಮಕ್ಕೆ ಹೋಗಿ ನಿಲ್ತೀನಿ ಪುಟ್ಟಸ್ವಾಮಿ. ಇದನ್ನ ನೀರಿಗೆ ಬಿಟ್ಟರೆ ನನ್ನ ತಪ್ಪು ಕೊಚ್ಚಿಕೊಂಡು ಹೋಗುತ್ತೆ. ಜೊತೆಗೆ ಆ ಮನುಷ್ಯನೂ ಹೋಗ್ತಾನೆ. ಕೈಯೇ ಬರಲಿಲ್ಲ ಕಣಯ್ಯ."

"ಜನರಲ್ ಮ್ಯಾನೇಜರ್ ಮುಂದೆ ಇಡಬೇಕಿತ್ತು."

"ಇಟ್ಟರೆ ಆಯಿತೇ? ಬಿಸಿ ಆಗಿದ್ರೆ ದೀಪ ಹತ್ತಬೇಕಿತ್ತು ಅಂತ ಆ ಎಂಜಿನಿಯರ್ ಹಟ ಹಿಡಿದಿದ್ದಾನೆ. ಹತ್ತಿರಲಿಲ್ಲ ಅಂತ ನೀನೇ ಬರೆದುಕೊಟ್ಟಿದ್ದೀಯ. ನನ್ನ ಹೂವಿನ ಮಾತು ಯಾರು ನಂಬ್ತಾರೆ?"

ಅಲ್ಲಿಗೆ ನನ್ನ ತಪ್ಪು ಹೇಳದೆ ಮಾದಯ್ಯನನ್ನು ಉಳಿಸುವ ದಾರಿಯೂ ಮುಚ್ಚಿತು. ನಾನು ಬಾಯಿಬಿಡದೆ ಆ ಪೊಟ್ಟಣಕ್ಕೆ ಬೆಲೆಯಿರಲಿಲ್ಲ. ಹೇಳಿದೆ. ಫೈಲು, ಸಂಖ್ಯೆ, ಪ್ರೋಗ್ರಾಮು, ಎಲ್ಲ. ಆಚಾರ್ರು ಬಾಯಿ ತೆರೆದುಕೊಂಡು ಕೇಳಿದರು.

"ಅಂದರೆ ಇಷ್ಟು ದಿನ ನಾನು ಕೈಮುಗಿದದ್ದು ನಿನ್ನ ಆಟಕ್ಕೇನಯ್ಯ?"

"ಹೌದು ಆಚಾರ್ರೇ."

"ಥೂ ನಿನ್ನ" ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅವರಿಗೆ ನಗು ಬಂತು, ನನಗೂ ಬಂತು. ಕಂಡಕ್ಟರ್ ತಿರುಗಿ ನೋಡುವಷ್ಟು ನಕ್ಕೆವು. ಒಂದೇ ಸೀಟಿನಲ್ಲಿ ಇಬ್ಬರು ಕಳ್ಳರು ನಾಲ್ಕು ದಿನ ಗುಮ್ಮನೆ ಕೂತು ಪ್ರಯಾಣ ಮಾಡಿದ್ದೆವು.

ಶನಿವಾರ ವಿಚಾರಣೆ ಕಂಪ್ಯೂಟರ್ ರೂಮಿನಲ್ಲೇ ನಡೆಯಿತು. ಹೊಸ ಬೋರ್ಡು ಹಾಕಿ ಎಂಜಿನಿಯರ್ ಯಂತ್ರವನ್ನು ಎಬ್ಬಿಸಿದ್ದರು. ನನ್ನ ಪ್ರೋಗ್ರಾಮೂ ತಾನಾಗಿ ಎದ್ದಿತ್ತು, ದೀಪ ನಾಚಿಕೆಯಿಲ್ಲದೆ ಅತ್ತಿಂದಿತ್ತ ಓಡುತ್ತಿತ್ತು. ಮಾದಯ್ಯ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಬಟ್ಟೆ ಹಿಂಡಿ ತೋರಿಸುತ್ತೇನೆ ಎಂದು ಇನ್ನೊಂದು ಸಲ ಕೇಳಿಕೊಂಡ. "ಅದೆಲ್ಲ ಬೇಡ, ಮುಖ್ಯವಾದ್ದು ಮಾತಾಡೋಣ" ಎಂದರು ಜನರಲ್ ಮ್ಯಾನೇಜರ್.

ಆಚಾರ್ರು ಮೊದಲು ಎದ್ದು ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದರು. ಎಂಜಿನಿಯರ್ ನೋಡಿ, "ಸರಿ, ಆದ್ರೆ ದೀಪ?" ಎಂದರು.

ನಾನು ಎದ್ದೆ. ಪ್ರೋಗ್ರಾಮನ್ನು ನಿಲ್ಲಿಸಿ, ಸೊನ್ನೆ ಬರೆದೆ. ಎಂಟೂ ಆರಿದವು. ಫ್ಯಾನಿನ ಬಾಯಿಗೆ ಒಂದು ರಟ್ಟು ಒತ್ತಿ ಸಿಕ್ಕಿಸಿದೆ. ಎಲ್ಲರೂ ಕಾದರು. ಕಾಲು ಗಂಟೆಯಾಗಿರಬೇಕು, ಮೂರನೇ ದೀಪ ಹತ್ತಿತು. ಹತ್ತಿ ಹಾಗೇ ನಿಂತಿತು. "ಇದು ಯಂತ್ರ ಹೇಳೋ ಮಾತು ಸಾರ್" ಎಂದೆ. ಆಮೇಲೆ ಪ್ರೋಗ್ರಾಮ್ ಶುರು ಮಾಡಿದೆ. ದೀಪ ಮತ್ತೆ ಓಡತೊಡಗಿತು, ಆ ಓಟದಲ್ಲಿ ಮೂರನೆಯದು ಯಾವುದೆಂದು ಯಾರಿಗೂ ಕಾಣಲಿಲ್ಲ. "ಇದು ನಾನು ಹೇಳಿಸೋದು. ನಾಲ್ಕು ತಿಂಗಳಿಂದ ಹೀಗೇ ಇದೆ. ಮಾದಯ್ಯನ ಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ." ರಟ್ಟು ತೆಗೆದೆ.

ಎಂಜಿನಿಯರ್ ತಲೆಯ ಮೇಲೆ ಕೈಯಿಟ್ಟುಕೊಂಡರು. ಜನರಲ್ ಮ್ಯಾನೇಜರರ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

"ಹಾಗಾದ್ರೆ ಛೇರ್ಮನ್ ನೋಡಿ ಮೆಚ್ಚಿದ್ದು?"

"ಅದೂ ಇದೇ ಸಾರ್."

ಅವರು ಯಂತ್ರವನ್ನೂ ನನ್ನನ್ನೂ ನೋಡಿದರು. "ಈ ಮಾತು ಈ ರೂಮು ದಾಟಕೂಡದು" ಎಂದರು. ಮಾದಯ್ಯನ ಸಸ್ಪೆನ್ಷನ್ ರದ್ದಾಯಿತು. ನನಗೆ ಒಂದು ಮೆಮೊ ಕೊಟ್ಟು, ನನ್ನ ಇನ್‌ಕ್ರಿಮೆಂಟ್ ತಡೆದರು. ಆಚಾರ್ರಿಗೆ ಆಯುಧಪೂಜೆ ವರ್ಷಕ್ಕೊಮ್ಮೆ ಮಾತ್ರ ಎಂದು ಲಿಖಿತ ಆಜ್ಞೆ ಬಂತು. ನನ್ನ ಮೆಮೊದಲ್ಲಿ 'ನಿರ್ಲಕ್ಷ್ಯ' ಎಂದಷ್ಟೇ ಇತ್ತು, ಯಾತರ ನಿರ್ಲಕ್ಷ್ಯ ಎಂದು ಬರೆದಿರಲಿಲ್ಲ, ಬರೆದರೆ ಛೇರ್ಮನ್ ಓದಬೇಕಾಗುತ್ತಿತ್ತು. ವರ್ಷವಾದ ಮೇಲೆ ಛೇರ್ಮನ್ ಮತ್ತೆ ಬಂದಾಗ ಇದೇ ಜನರಲ್ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಹತ್ತು ನಿಮಿಷ ಮಾತ್ರ ಆ ದೀಪ ಓಡಿಸೋಕೆ ಆಗುತ್ತಾ" ಎಂದು ಕೇಳಿದರು. ಆಗುವುದಿಲ್ಲ, ಮರೆತುಹೋಗಿದೆ ಎಂದೆ.

ಇದು ಇಲ್ಲಿಗೆ ಮುಗಿದಿದ್ದರೆ ಸುಮಳ ಹುಡುಗರಿಗೆ ಬೇಕಾದ ಸ್ಫೂರ್ತಿ ಸಿಕ್ಕಿಬಿಡುತ್ತಿತ್ತು. ಮುಗಿಯಲಿಲ್ಲ.

ವಿಚಾರಣೆ ಮುಗಿದ ಮೇಲಿನ ಸೋಮವಾರ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಮಾದಯ್ಯ ರೂಮು ಗುಡಿಸಿದ್ದ. ಆಚಾರ್ರು ಇನ್ನೂ ಕ್ಯಾಂಟೀನಿನಲ್ಲಿದ್ದರು. ಯಂತ್ರ ಎದ್ದು, ನನ್ನ ಪ್ರೋಗ್ರಾಮ್ ಹಳೆಯ ಚಾಳಿಯಂತೆ ತಾನಾಗಿ ಶುರುವಾಗಿ ದೀಪ ಓಡುತ್ತಿತ್ತು. ತೆಗೆದುಹಾಕಬೇಕು ಎಂದು ಕೂತೆ.

"ಸಾ, ಅದೇನೋ ನಂಬರು ಕೊಟ್ರೆ ಆರ್ತದಲ್ಲ, ನಂಗೆ ವಸಿ ಏಳ್ಕೊಡಿ" ಎಂದ.

ಅಟೆಂಡರುಗಳು ಕೀಬೋರ್ಡು ಮುಟ್ಟಬಾರದು ಎಂದು ಗೋಡೆಯ ಮೇಲೇ ಬರೆದು ಅಂಟಿಸಿತ್ತು. ನಾನು ಕುರ್ಚಿ ಬಿಟ್ಟುಕೊಟ್ಟೆ. ಅವನು ಕೂರಲಿಲ್ಲ, ನಿಂತೇ ಬಗ್ಗಿದ. ನಾನು ಪ್ರೋಗ್ರಾಮನ್ನು ಅಳಿಸಿ, ಉಳಿದದ್ದನ್ನು ಹೇಳುತ್ತ ಹೋದೆ, ಅವನು ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಕೊನೆಗೆ ಸೊನ್ನೆ. ಎಂಟೂ ದೀಪ ಆರಿದವು. ರೂಮಿನಲ್ಲಿ ಫ್ಯಾನಿನ ಶಬ್ದ ಮಾತ್ರ ಉಳಿಯಿತು.

"ಈಗ ಸರಿ ಓಯ್ತು. ಅದ್ರ ಮಾತು ಅದೇ ಆಡ್ಲಿ" ಎಂದ. ಆಮೇಲೆ ಕೇಳಿದ, "ನಿಮಗೆ ಯಾವತ್ತು ಗೊತ್ತಾಯ್ತು ಸಾ, ದೀಪದ್ದು?"

ಸುಳ್ಳು ಹೇಳಬಹುದಿತ್ತು. ಗುರುವಾರ ಎಂದಿದ್ದರೆ ನಂಬುತ್ತಿದ್ದ. "ಹೋದ ಸೋಮವಾರವೇ ಗೊತ್ತಾಯ್ತು ಮಾದಯ್ಯ. ಎಂಜಿನಿಯರ್ ಕೇಳಿದಾಗಲೇ."

ಅವನು ಬೆರಳು ಮಡಚಿ ಎಣಿಸಿದ. ಸೋಮವಾರದಿಂದ ಶನಿವಾರಕ್ಕೆ. ಆರು ಬೆರಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂಲೆಗೆ ಹೋಗಿ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಎತ್ತಿ ಹಿಂಡಿದ. ಹಿಂಡಿದ ಬಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತ.

"ಕೈ ಒಡ್ಡಿ ಸಾ."

ಒಡ್ಡಿದೆ. ನನ್ನ ಅಂಗೈಯ ಮೇಲೆ ಬಟ್ಟೆ ಹಿಡಿದು, ತೋಳಿನ ನರ ಉಬ್ಬುವ ಹಾಗೆ ಇನ್ನೊಂದು ಸಲ ತಿರುಚಿದ. ನಾನು ಕಣ್ಣು ತೆಗೆಯದೆ ನೋಡಿದೆ. ದಿನಾ ನನ್ನ ಮುಂದೆ ಹಿಡಿಯುತ್ತಿದ್ದ ಆ ಬಟ್ಟೆಯನ್ನು ನಾನು ತಲೆ ಎತ್ತಿ ನೋಡಿದ್ದು ಅದೇ ಮೊದಲು. ಅಂಗೈ ಒಣಗಿಯೇ ಇತ್ತು.